ಚಿಲಕವಿಲ್ಲದ ಮನೆ

ನಮ್ಮ ಬೀದಿಯ ಬಡಗಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಬಿಗಿ ಬಡಗಿ’ ಎಂದು. ಆತ ಕೂರಿಸಿದ ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಪೋಸ್ಟ್‌ಕಾರ್ಡು ತೂರುತ್ತಿರಲಿಲ್ಲ. ಬಾಯಿಯೂ ಅಷ್ಟೇ ಬಿಗಿ. ತುಟಿಗಳ ನಡುವೆ ಸದಾ ನಾಲ್ಕು ಮೊಳೆ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತಿಗೆ ಅಲ್ಲಿ ಜಾಗ ಸಾಲುತ್ತಿರಲಿಲ್ಲ.

ಆತ ಮಾಡಿದ ಬಾಗಿಲುಗಳಲ್ಲೆಲ್ಲ ಅತಿ ಬಿಗಿಯಾದದ್ದು ಸ್ವಂತ ಮಗಳ ಕೋಣೆಯದು. ಭೂಮಿ ನಡುಗಿದ ದಿನ ಸಿಕ್ಕಿಹಾಕಿಕೊಂಡದ್ದೂ ಅದೇ.

ಮಧ್ಯಾಹ್ನ ಮೂರರ ಹೊತ್ತು. ಹದಿಮೂರರ ಮಗಳು ಮಹಡಿಯ ತನ್ನ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಪರೀಕ್ಷೆಗೆ ಓದುತ್ತಿದ್ದಳು. ಕಟ್ಟಡವೇನೋ ನಿಂತಿತು. ಆದರೆ ಗೋಡೆ ವಾಲಿ, ಚೌಕಟ್ಟು ಬಾಗಿಲನ್ನು ಹಲ್ಲು ಕಚ್ಚಿದಂತೆ ಹಿಡಿದುಬಿಟ್ಟಿತು. ಒಳಗಿಂದ ಅವಳು ಎಷ್ಟು ಎಳೆದರೂ ಚಿಲಕ ಜಗ್ಗಲಿಲ್ಲ. ಹೊರಗೆ ಅಪ್ಪ ಗರಗಸ, ಉಳಿ, ಸುತ್ತಿಗೆ ಹಿಡಿದು ತನ್ನದೇ ಕೈಕೆಲಸದ ಜೊತೆ ಒಂದೂವರೆ ಗಂಟೆ ಗುದ್ದಾಡಿದ. ಅಷ್ಟರಲ್ಲಿ ನೆಲ ಇನ್ನೆರಡು ಸಲ ನಡುಗಿತು. ಕೊನೆಗೆ ಹಲಗೆ ಸೀಳಿ ಮಗಳನ್ನು ಹೊರಗೆಳೆದಾಗ ಅಳುತ್ತಿದ್ದವನು ಅಪ್ಪ, ಬೆನ್ನು ಸವರುತ್ತಿದ್ದವಳು ಮಗಳು.

“ಅಪ್ಪ, ನಂಗೇನೂ ಆಗಿಲ್ಲ, ನೋಡು. ಅಮ್ಮ ಕೆಳಗೆ ಕಾಯ್ತಿದ್ದಾಳೆ. ಬಾ, ಹೋಗೋಣ.”

ಬೀದಿಯವರೆಲ್ಲ ಹೊಗಳಿದ್ದೇ ಹೊಗಳಿದ್ದು. ಎಂಥ ಧೈರ್ಯ, ಒಂದೇ ದಿನದಲ್ಲಿ ಎಷ್ಟು ದೊಡ್ಡವಳಾಗಿಬಿಟ್ಟಳು! ಆ ಗುಂಪಿನಲ್ಲಿ ನಾನೂ ಇದ್ದೆ. ಹೊಗಳುವ ಭರದಲ್ಲಿ, ಒಳಗಿದ್ದಾಗ ಹೆದರಿಕೆಯಾಯಿತೇನಮ್ಮಾ ಎಂದು ಅವಳನ್ನು ಕೇಳಲು ನಮಗ್ಯಾರಿಗೂ ತೋಚಲಿಲ್ಲ.

ತಿಂಗಳೊಳಗೆ ಬಡಗಿ ಮಗಳ ಕೋಣೆಗೆ ಹೊಸ ಬಾಗಿಲು ಕೂರಿಸಿ, ಮನೆಯ ಒಳಬಾಗಿಲುಗಳನ್ನೆಲ್ಲ ಕೀಸಿ ಸಡಿಲ ಮಾಡಿದ, ಒಂದೊಂದೇ ಚಿಲಕ ಕಿತ್ತ. ಬಚ್ಚಲನ್ನೂ ಬಿಡಲಿಲ್ಲ. ಒಳಗೆ ಹೋದವರು ಹಾಡಬೇಕು, ಹಾಡಲು ಬಾರದವರು ಕೆಮ್ಮುತ್ತಲೇ ಇರಬೇಕು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಪ್ರಾರ್ಥನೆಯನ್ನು ನಾನು ಜೀವಮಾನದಲ್ಲೇ ಅತಿ ಹೆಚ್ಚು ಭಯಭಕ್ತಿಯಿಂದ ಹೇಳಿದ್ದು ಅವರ ಬಚ್ಚಲಿನಲ್ಲಿ.

“ನಮ್ಮನೇಲಿರೋದು ಸ್ನಾನದ ಮನೆ ಅಲ್ಲ, ಗಾನದ ಮನೆ,” ಎನ್ನುತ್ತಿದ್ದಳು ಬಡಗಿಯ ಹೆಂಡತಿ. “ಗಂಟಲು ಕಟ್ಟಿದ ದಿನ ಸ್ನಾನಕ್ಕೆ ರಜ.”

ನಾವೆಲ್ಲ ನಕ್ಕೆವು. ಎರಡು ವರ್ಷ ನಗುತ್ತಲೇ ಹೋಯಿತು. ಕೆಲಸ ಮುಗಿಸಿ ಬಂದ ಬಡಗಿ ಗಳಿಗೆಗೊಮ್ಮೆ ಮಗಳ ಕೋಣೆಯ ಬಾಗಿಲು ತಳ್ಳಿ ಇಣುಕುತ್ತಿದ್ದ.

“ಪುಟ್ಟಿ, ಇದ್ದೀಯಾ?”

“ಇಲ್ಲ, ಹೊರಗೆ ಹೋಗಿದೀನಿ,” ಎನ್ನುತ್ತಿದ್ದಳು ಅವಳು, ಪುಸ್ತಕದಿಂದ ತಲೆ ಎತ್ತದೆ.

ಹದಿನೈದು ತುಂಬಿದ ಮೇಲೆ ಒಂದು ದಿನ ಅವಳೇ ಕೇಳಿದಳು. “ಅಪ್ಪ, ನನ್ನ ಕೋಣೆಗೊಂದು ಚಿಲಕ ಹಾಕ್ಕೊಡು.”

“ಯಾಕೆ? ಮನೇಲಿ ಕಳ್ಳರಿದೀವಾ?”

“ಇಲ್ಲ. ಬೇಕು, ಅಷ್ಟೆ.”

“ಆ ದಿನ ಮರೆತುಬಿಟ್ಯಾ ನೀನು?”

“ಮರೆಯೋಕೆ ನೀನೆಲ್ಲಿ ಬಿಡ್ತೀಯಪ್ಪ?”

ಬಡಗಿ ಮೊಳೆಗಳನ್ನು ಬಾಯಿಗೆ ಹಾಕಿಕೊಂಡ. ಮಾತು ಅಲ್ಲಿಗೆ ಮುಗಿಯಿತು.

ಆ ವಾರ ಅವಳೇ ಅಂಗಡಿಯಿಂದ ಚಿಲಕ ತಂದು, ಅಪ್ಪನದೇ ಸ್ಕ್ರೂಡ್ರೈವರಿನಿಂದ ಕೂರಿಸಿದಳು. ಬಡಗಿಯ ಮಗಳಾದರೂ ಕೈ ಪಳಗಿರಲಿಲ್ಲ. ಚಿಲಕ ಕೊಂಚ ಸೊಟ್ಟ, ಒಂದು ಸ್ಕ್ರೂ ಅರ್ಧ ಹೊರಗೆ. ಬಡಗಿಯ ಕಣ್ಣಿಗೆ ಅದು ಬಿದ್ದದ್ದು ಮೂರನೆಯ ದಿನ ಬೆಳಿಗ್ಗೆ, ಅವಳು ಶಾಲೆಗೆ ಹೋದ ಮೇಲೆ. ಬಿಚ್ಚಿ ತೆಗೆದ. ಅಷ್ಟಕ್ಕೇ ಬಿಟ್ಟಿದ್ದರೂ ಒಂದು ಜಗಳವಾಗಿ ತೀರುತ್ತಿತ್ತೇನೋ. ಆದರೆ ಆತ ಕಸುಬುದಾರ, ತೂತು ಹಾಗೇ ಬಿಡಲು ಮನಸ್ಸು ಒಪ್ಪೀತೇ? ಮರದ ಪುಡಿಗೆ ಅಂಟು ಕಲಸಿ ತುಂಬಿದ, ಒಣಗಿಸಿದ, ಉಜ್ಜಿದ, ಬಣ್ಣ ಕೂಡಿಸಿ ಬಳಿದ. ಸಂಜೆಯ ಹೊತ್ತಿಗೆ ಅಲ್ಲೊಂದು ಚಿಲಕವಿತ್ತೆಂದು ದೇವರು ಬಂದು ಸಾಕ್ಷಿ ಹೇಳಿದರೂ ಯಾರೂ ನಂಬುವಂತಿರಲಿಲ್ಲ.

ಶಾಲೆಯಿಂದ ಬಂದವಳು ಆ ಜಾಗದ ಮೇಲೆ ಬೆರಳಾಡಿಸಿದಳು. “ಕೆಲಸ ಚೆನ್ನಾಗಿದೆ ಅಪ್ಪ,” ಎಂದಳು.

ಬಡಗಿ ಅದನ್ನು ಮೆಚ್ಚುಗೆ ಎಂದುಕೊಂಡ. ಮಗಳು ಒಪ್ಪಿದಳಲ್ಲ ಎಂದು ನನ್ನೆದುರು ಹೇಳಿಕೊಂಡು ಹಿಗ್ಗಿದ ಕೂಡ. ಆ ಸಂಜೆಯಿಂದಾಚೆ ಅವಳು ಅಪ್ಪನನ್ನು ಏನೂ ಕೇಳಲಿಲ್ಲ, ಅಪ್ಪನಿಗೆ ಏನೂ ಹೇಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ನಗುನಗುತ್ತಲೇ. ಹತ್ತನೆಯ ತರಗತಿ ಮುಗಿದದ್ದೇ ಎಂಟು ಗಂಟೆ ಪ್ರಯಾಣದ ಊರಿನ ಕಾಲೇಜಿಗೆ ಸೇರಿ, ಹಾಸ್ಟೆಲಿಗೆ ಹೊರಟಳು.

ಎರಡನೆಯ ತಿಂಗಳು ಬಡಗಿ ನೋಡಲು ಹೋದ. ಹಾಸ್ಟೆಲಿನ ಭೇಟಿಯ ಕೋಣೆಯಲ್ಲಿ ಕೂತು, ಅಭ್ಯಾಸಬಲದಿಂದ ಅಲ್ಲಿನ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ನೋಡಿದ. ಮಗಳು ಬಂದೊಡನೆ ಕೇಳಿದ್ದೂ ಅದನ್ನೇ.

“ನಿನ್ನ ರೂಮಿಗೆ ಚಿಲಕ ಇದೆಯಾ?”

“ಇದೆ.”

“ಹಾಕ್ಕೋತೀಯಾ?”

“ಹೂಂ.”

“ಭಯ ಆಗಲ್ವಾ ಪುಟ್ಟಿ?”

“ಆಗ್ತಿತ್ತು. ಅದಕ್ಕೇ ಮನೇಲಿ ಚಿಲಕ ಹಾಕಿದ್ದು. ಮೊದಲನೇ ದಿನ ಒಳಗೆ ಚಿಲಕ ಹಾಕ್ಕೊಂಡು ಹತ್ತು ಎಣಿಸಿದೆ. ನಾನೇ ತೆಗೆದೆ. ಎರಡನೇ ದಿನ ಐವತ್ತರ ತನಕ ಆಯ್ತು. ಮೂರನೇ ದಿನ ನೂರು ಎಣಿಸಬೇಕು ಅಂತ ಸ್ಕೂಲಿಂದ ಓಡಿ ಬಂದೆ.”

ಬಡಗಿಯ ಬಾಯಲ್ಲಿ ಅಂದು ಮೊಳೆಗಳಿರಲಿಲ್ಲ.

“ನಂಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಹೊರಗೆ ನಿಂತ್ಕೊಂಡು ಎಣಿಸ್ತಿದ್ದೆ ಅಪ್ಪ.”

ಇದನ್ನು ಆತ ನನಗೆ ಹೇಳಿದ್ದು ನಮ್ಮ ಮನೆಯ ಕಪಾಟಿನ ಬಾಗಿಲು ಸರಿಮಾಡಲು ಬಂದಾಗ. “ಅವಳು ಹೇಳಿದ್ದು ಸುಳ್ಳಲ್ಲ. ನಿಂತೇ ನಿಲ್ತಿದ್ದೆ. ಇಪ್ಪತ್ತಕ್ಕೆ ಬಾಗಿಲು ಬಡೀತಿದ್ದೆ,” ಎಂದ. ನಾನು ತಮಾಷೆ ಮಾಡಲು ಬಾಯಿ ತೆರೆದೆ. ಅದನ್ನು ಬಿಟ್ಟು ಸ್ಕ್ರೂಡ್ರೈವರ್ ಎತ್ತಿಕೊಟ್ಟೆ.

ಮೊದಲ ರಜೆಗೆ ಅವಳು ಬರುವ ಮುನ್ನಾದಿನ ಬಡಗಿ ಪೇಟೆಯೆಲ್ಲ ಸುತ್ತಿ ಹಿತ್ತಾಳೆಯ ಒಳ್ಳೆಯ ಚಿಲಕವೊಂದನ್ನು ತಂದ. ಈ ಸಲ ಕೇಳಿಯೇ ಹಾಕಬೇಕೆಂದು ಕಾದ. ಅವಳು ಬಂದಳು, ಊಟ ಮಾಡಿದಳು, ಕೋಣೆಗೆ ಹೋಗಿ ಬಾಗಿಲನ್ನು ಪೂರ್ತಿ ತೆರೆದಿಟ್ಟು, ಅದು ಮುಚ್ಚಿಕೊಳ್ಳದಂತೆ ತನ್ನ ಬ್ಯಾಗನ್ನು ಅಡ್ಡ ಇಟ್ಟಳು. ಬಾಗಿಲಲ್ಲಿ ಅಪ್ಪ ಚಿಲಕ ಹಿಡಿದು ನಿಂತಿದ್ದ.

“ಹಾಕಿಕೊಡ್ಲಾ?”

ಅವಳು ಚಿಲಕ ನೋಡಿದಳು, ಅಪ್ಪನ ಮುಖ ನೋಡಿದಳು. ಬಂದ ನೆಂಟರು ಎರಡನೆಯ ಸಲ ಬಡಿಸಲು ಬಂದವರನ್ನು ತಡೆಯುವಾಗ ನಗುತ್ತಾರಲ್ಲ, ಹಾಗೆ ನಕ್ಕಳು.

“ಬೇಡಪ್ಪ. ನಾಲ್ಕು ದಿನಕ್ಕೋಸ್ಕರ ಬಾಗಿಲಿಗೆ ಯಾಕೆ ತೂತು ಕೊರೀತೀಯ?”