ಹೊಡೆದವರಿಲ್ಲದ ಸುದ್ದಿ

ನಾನು ಬೀದರ್‌ನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಗ ನಮಗೆ ಸಂಕಥನ ವಿಶ್ಲೇಷಣೆಯ ಪಾಠವಿತ್ತು. ಸುದ್ದಿಯ ವಾಕ್ಯದಲ್ಲಿ ಯಾರಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ಮೊದಲು ಹುಡುಕಬೇಕು ಎನ್ನುತ್ತಿದ್ದರು ಮೇಡಂ. ಅದೇ ವಾರ ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಅವ್ವನ ಮೇಲೆ ಸತ್ತ ರೋಗಿಯ ಕಡೆಯವರು ಮುಗಿಬಿದ್ದರು. ಸಲೈನ್ ಸ್ಟ್ಯಾಂಡಿನಿಂದ ಬಡಿದು ಆಕೆಯ ಬಲಗೈ ಮುರಿದರು. ಕೂದಲು ಹಿಡಿದು ವರಾಂಡದ ತುಂಬ ಎಳೆದಾಡಿದರು. ಮರುದಿನ ಪತ್ರಿಕೆಯಲ್ಲಿ ಬಂದದ್ದು ಇಷ್ಟೇ: ‘ಆಸ್ಪತ್ರೆಯಲ್ಲಿ ಗಲಾಟೆ, ನರ್ಸ್‌ಗೆ ಗಾಯ.’

ಆ ಸುದ್ದಿ ಬರೆದ ವರದಿಗಾರರ ಮನೆಗೇ ಹೋದೆ.

“ಗಲಾಟಿ ತಾನಾಗೇ ಆಯ್ತೇನ್ರಿ? ನಮ್ಮವ್ವಗ ಹೊಡದವ್ರು ಎಲ್ಲಿ ಹೋದ್ರು ಇದರಾಗ?”

ಅವರು ಅಂಗಿಯ ತೋಳು ಮೇಲೇರಿಸಿದರು. ಮೊಣಕೈಯಿಂದ ಭುಜದವರೆಗೆ ಹೊಲಿಗೆಯ ಗುರುತಿತ್ತು.

“ಔರಾದ್‌ನ್ಯಾಗ ಇದ್ದಾಗ ಒಮ್ಮಿ ಹೊಡದವ್ರ ಹೆಸರು ಬರದಿದ್ದೆ, ತಂಗಿ. ಕುಡಗೋಲು ತಗೊಂಡು ಮನಿಗೇ ಬಂದ್ರು. ಈಗ ಬರೀಲಿಕ್ಕ ಧೈರ್ಯ ಆಗಂಗಿಲ್ಲ.”

ವಾಕ್ಯದಿಂದ ಜನ ಹೇಗೆ ಕಾಣೆಯಾಗುತ್ತಾರೆಂದು ನಾನು ಓದಿದ್ದೆ. ಅದರ ಹಿಂದೆ ಕುಡಗೋಲು ಇರಬಹುದೆಂದು ಎಣಿಸಿರಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಅವ್ವನಿಗೆ ಹೇಳಿದೆ.

“ಅವ್ರು ಬರೀಲಿಲ್ಲಂದ್ರೇನಾಯ್ತು? ಹೊಡಸ್ಕೊಂಡಾಕಿ ನಾ ಹೇಳ್ತೇನಿ. ನಡಿ ಠಾಣಾಕ್ಕ,” ಎಂದಳು.

ಠಾಣೆಯಲ್ಲಿ ಆಕೆ ಹೊಡೆದ ಒಬ್ಬೊಬ್ಬರ ಹೆಸರು ಹೇಳಿದಳು, ನಾನು ದೂರು ಬರೆದೆ. ಅಂದು ಸಂಜೆಯೇ ಹೊಡೆದವರ ತಮ್ಮಂದಿರು ನಮ್ಮ ಕಿಟಕಿಗೆ ಕಲ್ಲೆಸೆದರು. ಒಂದು ಗಾಜಿನ ಚೂರು ನನ್ನ ಹಣೆ ಸೀಳಿತು. ಅವ್ವ ಎಡಗೈಯಿಂದಲೇ ರಕ್ತ ಒರೆಸಿ, ನನ್ನನ್ನು ಕರೆದುಕೊಂಡು ಮತ್ತೆ ಠಾಣೆಗೆ ಹೊರಟಳು.