ಒಂಟೆಗಳಿಗೆ ನಿಂತ ಗಾಡಿ

ನಿನ್ನ ತಾಯಿ, ನಿನ್ನ ಅಬ್ಬಿ, ಆ ದಿನ ಫೋನ್ ಮಾಡಿದ್ದರು, ಸುಧಾಕರ. ಎತ್ತಿದವನು ನಾನು. ನೀನೇ ಎಂದು ತಿಳಿದು ಅವರು ಮಾತಾಡಿದರು, ನೀನೇ ಎಂಬಂತೆ ನಾನು ಉತ್ತರ ಕೊಟ್ಟೆ. ಆಮೇಲೆ ಆ ಕರೆಯ ಗುರುತನ್ನು ನಿನ್ನ ಫೋನಿನಿಂದ ಅಳಿಸಿ, ಚಹಾಕ್ಕೆಂದು ಬಂದ ನಿನ್ನ ಕೈಗೆ ಅದನ್ನು ವಾಪಸು ಕೊಟ್ಟೆ. ಅದೇ ಸಂಜೆ ಅವರು ತೀರಿಕೊಂಡ ಸುದ್ದಿ ಬಂತು. ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ.

ಇದನ್ನು ನಿನ್ನೆದುರು ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದೆ. ಪ್ರತಿ ಸಲವೂ ಬಂಗಡೆಯ ರುಚಿ, ಸೊಹಾರಿನ ಸೆಕೆ, ನಿನ್ನ ಮಗಳ ಪರೀಕ್ಷೆ ಎಂದು ಬೇರೆ ಏನೇನೋ ಹೊರಬಿದ್ದಿದೆ. ಶೀನಣ್ಣನಿಗೆ ಬಾಯಿ ಮುಚ್ಚಲು ಬರುವುದಿಲ್ಲ ಎಂದು ನೀನು ತಮಾಷೆ ಮಾಡುತ್ತೀಯಲ್ಲ, ಆ ಮಾತೆಲ್ಲ ಈ ಒಂದು ಮಾತಿನ ಮೇಲೆ ನಾನು ಎಳೆದ ಮಣ್ಣು.

ನಿನಗೆ ಆ ದಿನ ನೆನಪಿದೆ, ಆದರೆ ನಿನ್ನ ನೆನಪಿನಲ್ಲಿ ಅರ್ಧವೇ ಇದೆ. ಒಮಾನಿನ ದುಕ್ಮ್ ಬಂದರಿನಲ್ಲಿ ಹಡಗಿನಿಂದ ಇಳಿದ ಆ ಉಕ್ಕಿನ ಉರುಳೆ — ಇಂಜಿನಿಯರುಗಳು ಅದಕ್ಕೆ ವೆಸಲ್ ಎನ್ನುತ್ತಿದ್ದರು, ನಾವಿಬ್ಬರು ಹಂಡೆ ಎನ್ನುತ್ತಿದ್ದೆವು. ನಮ್ಮೂರಿನ ಶಾಲೆಯೇ ಒಳಗೆ ಹಿಡಿಸುವಷ್ಟು ದೊಡ್ಡ ಹಂಡೆ. ಅದನ್ನು ಸಾಲು ಸಾಲು ಚಕ್ರಗಳ ಟ್ರೇಲರಿನ ಮೇಲೆ ಮಲಗಿಸಿ, ಮನುಷ್ಯ ನಡೆಯುವ ವೇಗದಲ್ಲಿ ಒಳನಾಡಿನ ತೈಲಕ್ಷೇತ್ರಕ್ಕೆ ಒಯ್ಯಬೇಕಿತ್ತು. ಮುಂದೆ ಪೊಲೀಸರ ಕಾರು, ಅದರ ಹಿಂದೆ ದೀಪ ಮಿನುಗಿಸುವ ನನ್ನ ಪೈಲಟ್ ಗಾಡಿ, ಆಮೇಲೆ ಎಳೆಯುವ ಲಾರಿ, ಹಂಡೆ. ಎಲ್ಲಕ್ಕಿಂತ ಹಿಂದೆ, ಎದೆಗೆ ರಿಮೋಟ್ ಪೆಟ್ಟಿಗೆ ಕಟ್ಟಿಕೊಂಡು ಬಿಸಿಲಲ್ಲಿ ನಡೆಯುವ ನೀನು. ತಿರುವುಗಳಲ್ಲಿ ಹಿಂದಿನ ಚಕ್ರಗಳನ್ನು ಹೊರಳಿಸುವುದು ನಿನ್ನ ಪಾಲಿನ ಕೆಲಸ. ಸ್ವಲ್ಪ ಹೆಚ್ಚು ಹೊರಳಿದರೆ ಹಂಡೆಯ ಬಾಲ ದೀಪದ ಕಂಬಕ್ಕೆ, ಸ್ವಲ್ಪ ಕಡಿಮೆಯಾದರೆ ಚಕ್ರ ಮರಳಿಗೆ.

ಹಾಗೆ ನಡೆಯುವವನ ಮೈಮೇಲೆ ಫೋನ್ ಇರಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹಿಂದೆ ನಡೆಯುವವರೆಲ್ಲ ಬೆಳಿಗ್ಗೆ ತಮ್ಮ ಫೋನು ನನ್ನ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಹೋಗುತ್ತಿದ್ದಿರಿ. ಊರಿನಿಂದ ಕರೆ ಬಂದರೆ ಎತ್ತಿ, ಅವ ಕೆಲಸದಲ್ಲಿದ್ದಾನೆ, ಏನೂ ಆಗಿಲ್ಲ, ಆಮೇಲೆ ಮಾಡುತ್ತಾನೆ ಎಂದು ಹೇಳುವುದು ನನ್ನ ಲೆಕ್ಕಕ್ಕೆ ಬಿದ್ದಿತ್ತು. ಎತ್ತದಿದ್ದರೆ ಮನೆಯವರಿಗೆ ಗಾಬರಿ. ಕುಂದಾಪುರ ಕಡೆಯ ಅರ್ಧ ಸಂಸಾರಗಳ ಸುದ್ದಿ ಹಾಗೆ ನನ್ನ ಕಿವಿಗೆ ಬೀಳುತ್ತಿತ್ತು. ತಿರುಗಿ ಮಾಡಬೇಕಾದೀತು ಎಂದು ನಿನ್ನ ಫೋನಿನ ಲಾಕ್ ತೆಗೆಯುವುದನ್ನೂ ನೀನೇ ಹೇಳಿಕೊಟ್ಟಿದ್ದೆ. ನಂಬಿಕೆ ಅಂದರೆ ಅದು.

ನಿನ್ನ ತಂಗಿ ಗಿರಿಜಾ ಎಷ್ಟೋ ಸಲ ಮಾಡಿದ್ದಳು. ಅಬ್ಬಿ ಮಾಡಿದವರಲ್ಲ. ಅದರ ಕತೆ ನೀನೇ ಕ್ಯಾಂಪಿನಲ್ಲಿ ನನಗೆ ಹೇಳಿದ್ದು. ಹಿಂದಿನ ರಜೆಯಲ್ಲಿ ಊರಿಗೆ ಹೋದಾಗ ನಿನಗೆ ಹೆಣ್ಣು ನೋಡುತ್ತಿದ್ದರು. ಗಲ್ಫಿನಲ್ಲಿರುವವನ ತಾಯಿ ಇನ್ನೂ ತಲೆಮೇಲೆ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗುವುದು ನಿನಗೆ ಅವಮಾನವೆನಿಸಿತು. ಬಿಡಿ ಎಂದರೆ ಅವರು ಬಿಡಲಿಲ್ಲ. ನೀನು ಸಿಟ್ಟಿನಲ್ಲಿ ಆ ಬುಟ್ಟಿಯನ್ನು ಬಚ್ಚಲ ಒಲೆಗೆ ತುರುಕಿದೆ. ನಿನ್ನನ್ನು ಓದಿಸಿದ ಬುಟ್ಟಿ ಅದು. ಆಮೇಲೆ ಅವರು ನಿನ್ನೊಡನೆ ಮಾತು ಬಿಟ್ಟರು. ನೀನು ಹೊರಡುವ ದಿನ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತೇ ಇದ್ದೆಯಂತೆ, ಅವರು ಒಳಗಿನಿಂದ ಬರಲಿಲ್ಲವಂತೆ.

ಹೊರಡುವ ಮೊದಲು ನೀನು ಅವರಿಗೊಂದು ಸಣ್ಣ ಬಟನ್ ಫೋನ್ ತಂದು ಅಡುಗೆಮನೆಯ ಗೂಡಿನಲ್ಲಿಟ್ಟಿದ್ದೆ. ಒಂದರ ಬಟನ್ ಒತ್ತಿ ಹಿಡಿದರೆ ಸಾಕು, ಒಮಾನಿನಲ್ಲಿರುವ ನಿನಗೇ ಬರುವಂತೆ ಮಾಡಿ, ಅದನ್ನು ಗಿರಿಜಾಳ ಬಾಯಲ್ಲಿ ಹೇಳಿಸಿದ್ದೆ. ಕರೆನ್ಸಿ ಮುಗಿಯದಂತೆ ಇಲ್ಲಿಂದಲೇ ಹಾಕಿಸುತ್ತಿದ್ದೆ. ನೀನು ಮಾಡಿದರೆ ಅವರು ಎತ್ತುತ್ತಿರಲಿಲ್ಲ, ತಾವಾಗಿ ಒತ್ತುತ್ತಲೂ ಇರಲಿಲ್ಲ. ಸಂಜೆ ಗಾಡಿ ನಿಂತ ಕೂಡಲೇ ನೀನು ನನ್ನ ಹತ್ತಿರ ಬಂದು, ಏನನ್ನೂ ಕೇಳದೆ, ಫೋನನ್ನೇ ಮೊದಲು ನೋಡುತ್ತಿದ್ದೆ. ಯಾರ ಹೆಸರನ್ನು ಹುಡುಕುತ್ತಿದ್ದೀಯೆಂದು ನನಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ ಮಾಡಿದೆ.

ಆ ದಿನ ಬೆಳಿಗ್ಗೆ ಒಂಟೆಗಳ ಹಿಂಡು ರಸ್ತೆಗೆ ಅಡ್ಡ ಬಂದು ನಿಂತಿತ್ತು, ನೆನಪಿದೆಯಾ? ಅವು ಕದಲುವ ತನಕ ಇಡೀ ಸಾಲು ನಿಂತಿತು. ಪೊಲೀಸರವನು ಇಳಿದು ನಕ್ಕ, ಲಾರಿಯ ಖಾನ್ ಸಾಹೇಬರು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಸಣ್ಣ ನಿದ್ದೆ ತೆಗೆದರು, ನೀನು ಹಂಡೆಯ ನೆರಳಲ್ಲಿ ಕೂತು ನೀರು ಕುಡಿದೆ. ಇದನ್ನು ಯಾಕೆ ಹೇಳುತ್ತೇನೆಂದರೆ — ಗಾಡಿ ನಿಲ್ಲಿಸಲು ಆಗುತ್ತಿರಲಿಲ್ಲ ಎಂದು ನಾನು ನನಗೇ ಬಹಳ ಕಾಲ ಹೇಳಿಕೊಂಡು ಬಂದೆ. ಒಂಟೆಗಳಿಗೆ ನಿಂತ ಗಾಡಿ ಅದು.

ಊಟದ ಹೊತ್ತಿಗೆ ಮುಂಚೆ ಹೈಮಾ ಕಡೆ ತಿರುಗುವ ದೊಡ್ಡ ವೃತ್ತಕ್ಕೆ ಬಂದೆವು. ಹಂಡೆಯ ತಲೆ ವೃತ್ತದೊಳಗೆ, ಬಾಲ ಇನ್ನೂ ಹೊರಗೆ. ನೀನು ಒಂದೊಂದೇ ಹೆಜ್ಜೆಯಿಡುತ್ತಾ ಅದನ್ನು ಹೊರಳಿಸುತ್ತಿದ್ದೆ. ಆಗ ನಿನ್ನ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ‘ಅಬ್ಬಿ’ ಎಂದಿತ್ತು.

ವೃತ್ತ ದಾಟಿ ನಿಂತು ಕಾಯುತ್ತಿದ್ದ ನನ್ನ ಒಂದು ಕೈಯಲ್ಲಿ ವಾಕಿಟಾಕಿ ಇತ್ತು, ಇನ್ನೊಂದರಲ್ಲಿ ನಿನ್ನ ಫೋನು. ವಾಕಿಟಾಕಿಯಲ್ಲಿ ನಿಲ್ಲು ಎಂದು ಒಂದು ಮಾತು ಅಂದಿದ್ದರೆ ಸಾಲು ನಿಲ್ಲುತ್ತಿತ್ತು, ನೀನು ಓಡಿ ಬರುತ್ತಿದ್ದೆ. ನಾನು ಫೋನೆತ್ತಿ ಹಲೋ ಎಂದೆ. ಎಂದಿನಂತೆ ಅವ ಕೆಲಸದಲ್ಲಿದ್ದಾನೆ ಎನ್ನಬೇಕು ಎನ್ನುವಷ್ಟರಲ್ಲಿ ಆ ಕಡೆಯಿಂದ ಧ್ವನಿ ಬಂತು.

“ಮಗಾ... ಉಂಡ್ಯಾ?”

ಸುಧಾಕರ, ನನ್ನ ತಾಯಿ ನಾನು ತೊಟ್ಟಿಲಲ್ಲಿದ್ದಾಗಲೇ ಹೋದವಳು. ನನ್ನನ್ನು ಬೆಳೆಸಿದ್ದು ದೊಡ್ಡಮ್ಮ. ಅನ್ನಕ್ಕೆ ಕಡಿಮೆ ಮಾಡಿದವರಲ್ಲ, ಹೊಡೆದವರೂ ಅಲ್ಲ. ಆದರೆ ಆ ಮನೆಯಲ್ಲಿ ನನ್ನ ಹೆಸರು ‘ಅವ’. ಅವನಿಗೂ ಬಡಿಸಿ, ಅವನನ್ನೂ ಕರೆಯಿರಿ. ಮಗಾ ಎಂದು ಕರೆದು ಉಂಡೆಯಾ ಎಂದು ಕೇಳುವ ಧ್ವನಿಯನ್ನು ನಾನು ಬೇರೆಯವರ ಮನೆಯ ಜಗಲಿಯಲ್ಲಿ ನಿಂತು ಕೇಳಿದವನು. ನಿಮ್ಮೆಲ್ಲರ ಫೋನುಗಳನ್ನು ಅಷ್ಟು ಆಸೆಯಿಂದ ಎತ್ತುತ್ತಿದ್ದೆನಲ್ಲ, ಅದು ಉಪಕಾರವೆಂದು ನೀವು ತಿಳಿದಿರಿ. ಅಲ್ಲ. ಹಸಿವು.

“ಉಂಡೆ” ಎಂದೆ. ಅಷ್ಟೇ. ಆ ಒಂದು ಮಾತಿಗೆ ನಾನು ನೀನಾದೆ. ನಮ್ಮಿಬ್ಬರದೂ ಒಂದೇ ಊರ ಕಡೆಯ ಮಾತು, ಗಾಳಿಯ ಸದ್ದು ಬೇರೆ, ಅವರಿಗೆ ಅನುಮಾನ ಬರಲಿಲ್ಲ. ಮುಂದೆ ಅವರೇ ಮಾತಾಡಿದರು, ನಿಲ್ಲಿಸಿ ನಿಲ್ಲಿಸಿ, ಉಸಿರು ತಕ್ಕೊಂಡು.

“ನಂಗ್ ಸಿಟ್ಟಿಲ್ಲೆ. ಬುಟ್ಟಿ ಹೋದ್ರೆ ಹೋಯ್ಲಿ. ನೀ ಹೊರಡೂ ದಿನ ನಾ ಹೊರಗ್ ಬರ್ಲಿಲ್ಲೆ, ಅದ್ ನಂದ್ ತಪ್ಪಾಯ್ತ್. ಒಂದ್ ಸಲ ಅಬ್ಬಿ ಅಂದೇಳಿ ಕರಿ.”

ಅದು ನಿನಗೆ ಬಂದ ಮಾತು. ಕೇಳಿದ ತಕ್ಷಣ ನಾನು ಗಾಡಿಯಿಂದ ಹಾರಿ ಹಿಂದಕ್ಕೆ ಓಡಬೇಕಿತ್ತು. ಸಾಲು ವೃತ್ತದಲ್ಲಿ ಬಾಗಿದ್ದರಿಂದ ಕನ್ನಡಿಯಲ್ಲಿ ನೀನು ಕಾಣುತ್ತಿದ್ದೆ, ತಲೆಗೆ ಸುತ್ತಿದ ಬಟ್ಟೆ, ಎದೆಯ ಪೆಟ್ಟಿಗೆ, ಹಂಡೆಯ ಬಾಲದ ಮೇಲೆ ನೆಟ್ಟ ಕಣ್ಣು. ನಿನ್ನನ್ನು ನೋಡುತ್ತಲೇ ನಾನು “ಅಬ್ಬಿ” ಎಂದೆ. ಹುಟ್ಟಿದಂದಿನಿಂದ ಯಾರನ್ನೂ ಕರೆಯದ ಹೆಸರು. ಬಾಯಿಗೆ ಅಭ್ಯಾಸವಿರಲಿಲ್ಲ, ಆದರೂ ಸರಿಯಾಗಿಯೇ ಬಂತು. ಅವರು ಸ್ವಲ್ಪ ನಕ್ಕ ಹಾಗಾಯಿತು. ಸುಸ್ತಾಗಿದೆ, ಮಲಗುತ್ತೇನೆ ಎಂದರು. ಯಾಕೆ ಸುಸ್ತು ಎಂದು ನಾನು ಕೇಳಲಿಲ್ಲ — ಮಗನಾಗಿದ್ದರೆ ಕೇಳುತ್ತಿದ್ದ. ಇನ್ನೊಂದು ಮಾತು ಹೇಳಿ ಫೋನ್ ಇಟ್ಟರು. ಆ ಮಾತನ್ನು ಕೊನೆಗೆ ಬರೆಯುತ್ತೇನೆ.

ವೃತ್ತ ದಾಟಿ ಪೆಟ್ರೋಲ್ ಪಂಪಿನ ಬದಿಯ ಚಹಾದಂಗಡಿಯ ಹತ್ತಿರ ನಿಂತೆವು. ಆಗಲೂ ಹೊತ್ತು ಮೀರಿರಲಿಲ್ಲ. ನಿನ್ನ ಅಬ್ಬಿಗೆ ಈಗಲೇ ಫೋನ್ ಮಾಡು, ಸಿಟ್ಟು ಇಳಿದಿದೆ ಎಂದರೆ ಮುಗಿಯುತ್ತಿತ್ತು. ಆದರೆ ಹೇಗೆ ಗೊತ್ತಾಯಿತು ಶೀನಣ್ಣ ಎಂದು ನೀನು ಕೇಳುತ್ತಿದ್ದೆ. ಅವರ ಜೊತೆ ನಾನೇ ನೀನಾಗಿ ಮಾತಾಡಿದೆ ಎಂದು ಯಾವ ಬಾಯಲ್ಲಿ ಹೇಳಲಿ? ಸಂಜೆ ಹೇಗಾದರೂ ಮಾಡಿ ಹೇಳಿದರಾಯಿತು, ಅವರು ಮತ್ತೆ ಒತ್ತಿಯೇ ಒತ್ತುತ್ತಾರೆ ಎಂದುಕೊಂಡೆ. ಇದು ಒಂದು ಮುಖ. ಇನ್ನೊಂದು ಮುಖ ಹೇಳಲು ನಾಚಿಕೆ — ಸಂಜೆಯ ತನಕ ಅದು ನನ್ನದಾಗಿ ಇರಲಿ ಎನಿಸಿತು. ಕರೆಯನ್ನು ಅಳಿಸಿದೆ. ನೀನು ಬಂದು ಪರದೆ ನೋಡಿದೆ, ಏನೂ ಇರಲಿಲ್ಲ, ಕಿಸೆಗೆ ಹಾಕಿಕೊಂಡು ಚಹಾ ಕುಡಿದೆ.

ಸಂಜೆ ಬಂದದ್ದು ಗಿರಿಜಾಳ ಕರೆ. ಗೇರುಬೀಜದ ಫ್ಯಾಕ್ಟರಿಯಿಂದ ಮನೆಗೆ ಬಂದವಳಿಗೆ ಅಬ್ಬಿ ಚಾಪೆಯ ಮೇಲೆ ಮಲಗಿದಂತೆಯೇ ಕಂಡರಂತೆ, ಎಬ್ಬಿಸಿದರೆ ಏಳಲಿಲ್ಲವಂತೆ. ನಿನ್ನನ್ನು ಮಸ್ಕತ್ತಿನ ವಿಮಾನ ನಿಲ್ದಾಣಕ್ಕೆ ಕರೆದೊಯ್ದವನು ನಾನೇ. ಆ ಉದ್ದ ದಾರಿಯಲ್ಲಿ ನೀನು ಅಳಲಿಲ್ಲ. ಒಂದೇ ಮಾತು ಹೇಳಿದೆ.

“ಒಂದ್ ಸಲ ಆ ಬಟನ್ ಒತ್ತಿದ್ರೆ ಸಾಕಿತ್ತ್, ಶೀನಣ್ಣ.”

ನಾನು ಗೇರು ಬದಲಿಸಿದೆ. ನೀನು ನನ್ನ ಭುಜದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದೆ, ನನ್ನನ್ನು ಬಿಟ್ಟರೆ ಈ ದೇಶದಲ್ಲಿ ನಿನಗೆ ಯಾರೂ ಇಲ್ಲವೆನ್ನುವ ಹಾಗೆ. ನಿನ್ನ ಅಬ್ಬಿಯ ಮಾತು ಆಗ ನಿನ್ನ ಕಿವಿಗೆ ಗೇಣುದ್ದ ದೂರದಲ್ಲಿತ್ತು.

ಆಮೇಲೆ ನಿನಗೆ ಮದುವೆಯಾಯಿತು, ಮಸ್ಕತ್ತಿನ ದಾರ್ಸೈಟಿನಲ್ಲಿ ಮನೆ ಮಾಡಿದೆ, ಮಗಳು ಹುಟ್ಟಿದಳು. ನೀನೀಗ ಹಂಡೆಗಳ ಹಿಂದೆ ನಡೆಯುವುದಿಲ್ಲ, ಸೊಹಾರ್ ಬಂದರಿನ ಕೆಲಸಗಳಿಗೆ ಇತರರನ್ನು ಕಳಿಸುತ್ತೀಯ. ಸೀಬಿನಲ್ಲಿ ಒಂಟಿಯಾಗಿರುವ ನನ್ನನ್ನು ಶುಕ್ರವಾರ ಊಟಕ್ಕೆ ಕರೆಯುವುದನ್ನು ಮಾತ್ರ ಬಿಟ್ಟಿಲ್ಲ. ನಿನ್ನ ಅಬ್ಬಿಯ ಫೋನನ್ನು ಯಾರೂ ತೆರೆದು ನೋಡಲಿಲ್ಲ, ನನಗೆ ಭಯಪಡುವ ಕಾರಣ ಉಳಿಯಲಿಲ್ಲ. ಉಳಿದದ್ದು ಆ ಧ್ವನಿ. ಸುಳ್ಳು ಹೇಳಲಾರೆ, ಎಷ್ಟೋ ದಿನ ಕೆಲಸದಿಂದ ಬಂದು ಅನ್ನಕ್ಕೆ ಕೂತಾಗ ಅದನ್ನು ನೆನೆದುಕೊಂಡೇ ತುತ್ತೆತ್ತಿದ್ದೇನೆ. ಮಗಾ, ಉಂಡ್ಯಾ. ಕದ್ದದ್ದು ಎಂದು ಗೊತ್ತಿದ್ದರೂ ಅದು ಬೇಕಾಗುತ್ತಿತ್ತು. ಈಗಲೂ ಬೇಕು.

ಕಳೆದ ಶುಕ್ರವಾರ ನಿನ್ನ ಬಾಲ್ಕನಿಯಲ್ಲಿ ಕೂತಿದ್ದೆವು. ಅಲ್ಲಿ ನೀನು ಊರಿನಿಂದ ತಂದು ತೂಗುಹಾಕಿದ ಬುಟ್ಟಿಯಿದೆ — ಹೊಸದು, ಖಾಲಿ. ಅದರಲ್ಲಿ ಈರುಳ್ಳಿ ಇಡಲೂ ನಿನ್ನ ಹೆಂಡತಿಗೆ ಬಿಡುವುದಿಲ್ಲ. ನಿನ್ನ ಮಗಳು ಅದರತ್ತ ಕೈ ತೋರಿಸಿ, ಅಜ್ಜಿ ಹೇಗಿದ್ದರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನೀನು ಮೀನಿನ ಮುಳ್ಳು ಬಿಡಿಸುತ್ತಾ, ಒಳ್ಳೆಯವರು, ಆದರೆ ನನ್ನ ಮೇಲಿನ ಸಿಟ್ಟು ಬಿಡದೆಯೇ ಹೋದರು ಎಂದೆ. ದುಃಖದಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ನೀನು ಅದನ್ನು ನಿನ್ನ ಎತ್ತರ, ನಿನ್ನ ಬಣ್ಣ ಹೇಳುವಂತೆ ಹೇಳಿದೆ. ಆ ಸುಳ್ಳು ಈಗ ನಿನ್ನ ಮಗಳಿಗೂ ಹೋಯಿತು.

ಬರುವ ಶುಕ್ರವಾರ ಬರುತ್ತೇನೆ. ಊಟಕ್ಕೆ ಮುಂಚೆ, ನಿನ್ನ ಅನ್ನ ಮುಟ್ಟುವ ಮುಂಚೆ, ಆ ಬುಟ್ಟಿಯ ಕೆಳಗೆ ನಿಂತು ಎಲ್ಲವನ್ನೂ ಬಾಯಲ್ಲೇ ಹೇಳುತ್ತೇನೆ. ನೀನು ನಡುವೆಯೇ ತಡೆದು ಹೊರಗೆ ಕಳಿಸಬಹುದು, ಕಳಿಸಿದರೆ ಹೋಗುತ್ತೇನೆ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಅವರ ಮಾತು ಅರ್ಧಕ್ಕೆ ನಿಲ್ಲಬಾರದೆಂದಷ್ಟೇ ಇದನ್ನು ಬರೆದು ಕೈಯಲ್ಲಿ ಹಿಡಿದು ತರುತ್ತೇನೆ. ಫೋನ್ ಇಡುವ ಮೊದಲು ಅವರು ಹೇಳಿದ್ದು ಇದು:

“ಈ ಸರ್ತಿ ನೀ ಬಪ್ಪ ಹೊತ್ತಿಗೆ ನಾ ಬಾಗ್ಲಲ್ಲೇ ನಿಂತಿರ್ತೆ, ಮಗಾ.”

ಮಗಾ ಎಂದದ್ದು ನಿನ್ನನ್ನು.