ಯಾವುದಕ್ಕೆ ಯಾವ ಕ್ಯಾಮೆರಾ

ನಮ್ಮ ಭಾವನನ್ನು ಈ ಕಸುಬಿನವರೆಲ್ಲ ಕರೆಯುವುದು 'ಕಂಬ' ಅಂತ. ಹೆಗಲ ಮೇಲೆ ಕ್ಯಾಮೆರಾ ಇಟ್ಟುಕೊಂಡು ನಿಂತರೆ ಚಿತ್ರ ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ, ಅದಕ್ಕೆ ಬಂದ ಹೆಸರು. ನಾನು ಅವರ ಹೆಂಡತಿಯ ತಮ್ಮ. ಓದು ತಲೆಗೆ ಹತ್ತದೆ ಬೀದಿ ಅಳೆಯುತ್ತಿದ್ದಾಗ ಅಕ್ಕ ನನ್ನನ್ನು ಇವರ ಬೆನ್ನಿಗೆ ಕಟ್ಟಿದಳು. ದೀಪ, ವೈರು, ಮೈಕು ಹೊತ್ತುಕೊಂಡು ಅವರ ಹಿಂದೆ ತಿರುಗಿ ತಿರುಗಿ ನನ್ನ ತಲೆಯೂ ನೆರೆತಿದೆ. 'ಕಂಬಕ್ಕೆ ಸುತ್ತಿದ ವೈರು' ಅಂತ ನನ್ನನ್ನು ಗೇಲಿ ಮಾಡುವವರಿದ್ದಾರೆ. ಮಾಡಲಿ, ನನಗೇನು.

ನಮ್ಮದು ಟೈರ್ ಅಂಗಡಿಯ ಮೇಲಿನ ಒಂದು ಕೋಣೆ. ಕಬ್ಬಿಣದ ಮೆಟ್ಟಿಲು ಹತ್ತಿದರೆ ಎದುರಿಗೇ ಗಾಜಿನ ಬೀರು, ಅದರೊಳಗೆ ಕ್ಯಾಮೆರಾಗಳು. ನಾವೇ ಹೋಗಿ ಶೂಟಿಂಗ್ ಮಾಡುವುದೂ ಉಂಟು, ಬಾಡಿಗೆಗೆ ಕೊಡುವುದೂ ಉಂಟು. ಬಂದ ಗಿರಾಕಿ "ಒಳ್ಳೇ ಕ್ಯಾಮೆರಾ ಕೊಡಿ" ಅಂದರೆ ಸಾಕು, ಭಾವನಿಗೆ ಮೂಗಿನ ತುದಿಯಲ್ಲಿ ಕೋಪ.

"ಒಳ್ಳೇ ಕ್ಯಾಮೆರಾ ಅಂತ ಯಾವುದೂ ಇಲ್ಲಪ್ಪ. ಸಂಬಂಧ ನೋಡೋವಾಗ ಹುಡುಗ ಒಳ್ಳೆಯವನಾ ಅಂತ ಕೇಳಿದ್ರೆ ಸಾಲದು, ಈ ಹುಡುಗಿಗೆ ಒಪ್ತಾನಾ ಅಂತ ಕೇಳ್ಬೇಕು. ಇದೂ ಹಾಗೇ. ಕೂತ್ಕೋ."

ಹೀಗೆ ಸ್ಟೂಲಿನ ಮೇಲೆ ಕೂರಿಸಿ ವಿಚಾರಣೆ ಶುರು. ಯಾರದ್ದು, ಎಲ್ಲಿ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಎಷ್ಟು ಹೊತ್ತಿನ ಕೆಲಸ. ಎಲ್ಲ ಮುಗಿದ ಮೇಲೆ, "ಯಾರಾದ್ರೂ ಅಳ್ತಾರಾ?" ಗಿರಾಕಿ ಬೆಪ್ಪಾಗಿ ನನ್ನ ಮುಖ ನೋಡುತ್ತಿದ್ದ. ಅಳುವವರಿದ್ದರೆ ಹತ್ತಿರ ಹೋಗಬಾರದು ಎನ್ನುವುದು ಭಾವನ ಲೆಕ್ಕ. ಕ್ಯಾಮೆರಾ ಹತ್ತಿರ ಬಂದರೆ ನಿಜವಾಗಿ ಅಳುವವರು ಕಣ್ಣೊರೆಸಿಕೊಳ್ಳುತ್ತಾರೆ, ಅಳು ಬಾರದವರು ಎದೆ ಬಡಿದುಕೊಳ್ಳುತ್ತಾರೆ. ಅಂಥ ಕಡೆಗೆ ಉದ್ದ ಲೆನ್ಸು ಹಾಕಿಕೊಂಡು ಹಾಲ್‌ನ ಆ ತುದಿಯಲ್ಲಿ ನಿಲ್ಲಬೇಕು.

ಎಳೆ ಮಕ್ಕಳಿಗೆ ಅಂಗೈಯಗಲದ ಕ್ಯಾಮೆರಾ, ಯಾಕೆಂದರೆ ದೊಡ್ಡದರ ಕಪ್ಪು ಕಣ್ಣು ಕಂಡರೆ ಅವು ಕಿರುಚುತ್ತವೆ. ಭಾಷಣಕ್ಕೆ, ಎಷ್ಟು ಹೊತ್ತು ಓಡಿದರೂ ಬಿಸಿಯಾಗಿ ನಡುವೆ ನಿಂತುಹೋಗದ ಹಳೇ ಮಾದರಿ. ಭಾಷಣ ಮಾಡುವವರು ನಿಲ್ಲಿಸುವುದಿಲ್ಲವಲ್ಲ, ಕ್ಯಾಮೆರಾ ಹೇಗೆ ನಿಂತೀತು? ಧೂಳು, ನೀರು ಇರುವಲ್ಲಿಗೆ ಬೆಂಕಿಪೊಟ್ಟಣದಷ್ಟೇ ಇರುವ ಗಟ್ಟಿ ಡಬ್ಬಿ ಕ್ಯಾಮೆರಾ. ಮಾರಾಟಕ್ಕಿರುವ ಮನೆಗೆ ಅಗಲ ಲೆನ್ಸು, ಆದರೆ ತೀರಾ ಅಗಲ ಬೇಡ. "ಬಚ್ಚಲುಮನೆ ಮದುವೆ ಹಾಲ್ ಥರ ಕಂಡ್ರೆ ಕೊಂಡೋನು ನಮ್ಮನ್ನ ಬೈತಾನೆ." ಜನ ನಡೆಯುವ, ಓಡುವ, ತಿರುಗುವ ಕಡೆಗೆಲ್ಲ ಹೆಗಲ ಕ್ಯಾಮೆರಾ. ಅದು ಭಾವನ ಪಂಚಪ್ರಾಣ. ಟ್ರೈಪಾಡನ್ನು ಅವರು 'ಅಜ್ಜನ ಕೋಲು' ಎನ್ನುತ್ತಿದ್ದರು.

ಇಂಥ ಮನುಷ್ಯ ತಪ್ಪು ಕ್ಯಾಮೆರಾ ಆರಿಸತೊಡಗಿದರು.

ಮೊದಲ ಸಲ ಆದದ್ದು ಒಂದು ನೃತ್ಯಶಾಲೆಯಲ್ಲಿ. ಕುಣಿಯುವ ಮಕ್ಕಳ ನಡುವೆಯೇ ಸುತ್ತಿ ತೆಗೆಯಬೇಕಾದ ಕೆಲಸ. ಭಾವ ನನ್ನ ಹೆಗಲಿಗೆ ಟ್ರೈಪಾಡ್ ಹೊರಿಸಿದರು.

"ಯಾಕೆ ಭಾವ? ಇದು ಹೆಗಲಿಂದ ತೆಗೆಯೋದಲ್ವಾ?"

"ಅಲ್ಲಿ ನೆಲ ಸರಿಯಿಲ್ಲ ಕಣೋ. ಹಲಗೆ ಜಗ್ಗತ್ತೆ."

ಮುಂದೆ ಓಟದ ಪಂದ್ಯಕ್ಕೆ ಗಿಂಬಲ್ ಬಂತು. ನಮ್ಮ ಕೈ ಅಲ್ಲಾಡಿದರೂ ಕ್ಯಾಮೆರಾ ಅಲ್ಲಾಡದಂತೆ ಮೋಟಾರಿನಿಂದ ಹಿಡಿದಿಡುವ ಕೋಲು ಅದು. ಕೈಲಾಗದವರ ಆಟಿಕೆ ಅಂತ ಅದನ್ನು ಬೀರುವಿನ ತಲೆಯ ಮೇಲೆ ಎಸೆದಿದ್ದವರೂ ಇವರೇ. ಕೇಳಿದರೆ, "ಕಾಲ ಬದಲಾಯ್ತು, ಜನ ಈಗ ತೇಲೋ ಚಿತ್ರ ಕೇಳ್ತಾರೆ" ಎಂದರು. ಆಮೇಲೆ ಒಂದು ಮದುವೆಯಲ್ಲಿ ಹಾಲಿನ ಮೂಲೆಮೂಲೆಗೂ ಸಣ್ಣ ಕ್ಯಾಮೆರಾ ಅಂಟಿಸಿ ತಾವು ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಹುಡುಗಿಯ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು, "ಏನಪ್ಪಾ, ಮದುವೆ ವಿಡಿಯೊ ತೆಗೀತಿದೀರೋ, ಕಳ್ಳರನ್ನ ಹಿಡೀತಿದೀರೋ?" ಎಂದು ಕೇಳಿದ. ನನ್ನ ಮಾನ ಮೂರು ಕಾಸಿಗೆ ಹೋಯಿತು.

ಕೋಪ ತಡೆಯದೆ ಅಕ್ಕನ ಹತ್ತಿರ ಹೋಗಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿನ್ನ ಗಂಡನದ್ದೂ ಹಾಗೇ ಆಯ್ತು ಎಂದು ಆಡಿಕೊಂಡೆ. ಅಕ್ಕ ನಗಲಿಲ್ಲ.

"ಇತ್ತೀಚೆಗೆ ಕಾಫಿನೂ ಅರ್ಧ ಲೋಟ ಸಾಕು ಅಂತಾರೆ. ಶುಗರ್ ಗಿಗರ್ ಬಂದು ನನಗೆ ಹೇಳ್ತಿಲ್ವೋ ಏನೋ" ಎಂದಳು. ಇರಬಹುದು ಅಂತ ನಾನೂ ತಲೆಯಾಡಿಸಿದೆ.

ನಿಜ ಗೊತ್ತಾದದ್ದು ಕಿವಿಯಿಂದ. ನಿವೃತ್ತ ರೈಲು ಚಾಲಕರೊಬ್ಬರು ಮೊಮ್ಮಕ್ಕಳಿಗಾಗಿ ತಮ್ಮ ಕಥೆ ಹೇಳಿಡಬೇಕು ಎಂದು ಮನೆಗೆ ಕರೆಸಿದ್ದರು. ಅವರು ಸೋಫಾದಲ್ಲಿ, ಕ್ಯಾಮೆರಾ ಟ್ರೈಪಾಡಿನ ಮೇಲೆ, ಭಾವ ಅದರ ಪಕ್ಕ. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೆಲದ ಮೇಲೆ. ಮಾತು ಶುರುವಾಗಿ ಸ್ವಲ್ಪ ಹೊತ್ತಿಗೆ ಟಿಕ್ ಟಿಕ್ ಟಿಕ್ ಅಂತ ಸದ್ದು. ಗೋಡೆ ಗಡಿಯಾರದ್ದೇ ಇರಬೇಕು ಎಂದು ಅದನ್ನು ಇಳಿಸಿ ಅಡುಗೆಮನೆಯಲ್ಲಿಟ್ಟು ಬಂದೆ. ಸದ್ದು ಹೋಗಲಿಲ್ಲ. ವೈರು ಬದಲಾಯಿಸಿದೆ, ಮೈಕು ಬದಲಾಯಿಸಿದೆ, ಆ ಮೈಕು ಮಾರಿದವನ ವಂಶವನ್ನೆಲ್ಲ ಮನಸ್ಸಿನಲ್ಲೇ ಬೈದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಅದನ್ನೇ ಶ್ರದ್ಧೆಯಿಂದ ಮಾಡುತ್ತಿದ್ದೆ.

ಚಾಲಕರು ನೀರು ಕುಡಿಯಲು ಮಾತು ನಿಲ್ಲಿಸಿದರು. ಕೋಣೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ, ನನ್ನ ಕಿವಿಯಲ್ಲಿ ಟಿಕ್ ಟಿಕ್ ನಡೆದೇ ಇತ್ತು. ತಲೆಯೆತ್ತಿ ನೋಡಿದೆ. ಭಾವನ ಕೈ ಕ್ಯಾಮೆರಾದ ಮೇಲೆ ಸುಮ್ಮನೆ ಒರಗಿತ್ತು. ಸುಮ್ಮನೆ ಅಂದೆನಲ್ಲ, ಸುಮ್ಮನಿರಲಿಲ್ಲ. ಬೆರಳುಗಳು ತಮ್ಮಷ್ಟಕ್ಕೆ ಅಲುಗುತ್ತಿದ್ದವು, ಉಂಗುರ ಕ್ಯಾಮೆರಾದ ಮೈಗೆ ಬಡಿಯುತ್ತಿತ್ತು. ಭಾವ ನನ್ನನ್ನೇ ನೋಡುತ್ತಿದ್ದರು. ನಾನು ನೋಡಿದ್ದನ್ನು ಅವರೂ ನೋಡಿದರು. ಕೈ ಎಳೆದುಕೊಂಡು ಜೇಬಿಗೆ ಹಾಕಿಕೊಂಡು, "ಹೇಳಿ ಸಾರ್, ಇಂಜಿನ್ ಕೆಟ್ಟು ನಿಂತಾಗ ಏನ್ ಮಾಡಿದ್ರಿ?" ಎಂದು ಚಾಲಕರನ್ನು ಕೇಳಿದರು.

ಮನೆಗೆ ಮರಳುವಾಗ ವ್ಯಾನಿನಲ್ಲಿ ನಾನೇ ಬಾಯಿ ಬಿಟ್ಟೆ.

"ಯಾವಾಗಿಂದ ಭಾವ?"

"ನೃತ್ಯಶಾಲೆಗೂ ಮುಂಚೆಯಿಂದ."

"ಅಕ್ಕನಿಗೆ?"

"ಗೊತ್ತಿಲ್ಲ. ನೀನೂ ಬಾಯಿ ಹೊಲ್ಕೊಂಡಿರು." ಸ್ವಲ್ಪ ದೂರ ಹೋದ ಮೇಲೆ ಉಂಗುರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. "ಯಾರ್ ಯಾರೋ ಕೈ ಕೊಟ್ಟಿದಾರೆ ಕಣೋ ನನಗೆ. ನನ್ನ ಕೈಯೇ ಕೈ ಕೊಡತ್ತೆ ಅಂದ್ಕೊಂಡಿರ್ಲಿಲ್ಲ."

ಅವರು ನಕ್ಕರು, ನಾನೂ ನಗಬೇಕಿತ್ತು. ಕಿಟಕಿಯ ಕಡೆ ತಿರುಗಿದೆ. ಎಲ್ಲ ತಪ್ಪು ಆಯ್ಕೆಗಳೂ ಅವರು ಬೇಕೆಂದೇ ಮಾಡಿದಂಥವು. ಕೆಲಸಕ್ಕೆ ಯಾವುದು ಒಪ್ಪುತ್ತದೆ ಅಂತ ಅವರಿಗೆ ಗೊತ್ತಿಲ್ಲದೆ ಅಲ್ಲ. ಅವರು ಕೈಗೆ ಒಪ್ಪುವ ಕ್ಯಾಮೆರಾ ಹುಡುಕುತ್ತಿದ್ದರು, ಸಿಗುತ್ತಲೇ ಇರಲಿಲ್ಲ.

ಬರಿಬೆರಳು ಕಂಡದ್ದೇ ಅಕ್ಕ ಉಂಗುರ ಎಲ್ಲಿ ಎಂದು ಕೇಳಿದಳು. ಭಾವ ಒಂದು ಸುಳ್ಳು ಹೇಳಿದರು, ನಾನು ಇನ್ನೊಂದು ಹೇಳಿದೆ, ಎರಡಕ್ಕೂ ತಾಳೆಯಾಗಲಿಲ್ಲ. ಆಮೇಲೆ ಅವಳು ನಮ್ಮಿಬ್ಬರನ್ನೂ ಮಕ್ಕಳ ಹಾಗೆ ಮುಂದೆ ಹಾಕಿಕೊಂಡು ನರದ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಬೆರಳು ಮಡಚಿಸಿದರು, ನಡೆಸಿದರು, ಮಾತ್ರೆ ಬರೆದರು. ಭಾವನ ಪ್ರಶ್ನೆ ಒಂದೇ. "ಸಾರ್, ಹೆಗಲ ಕ್ಯಾಮೆರಾ ಮತ್ತೆ ಹಿಡಿಯೋಕಾಗತ್ತಾ?"

"ಮಾತ್ರೆಗೆ ಕೈ ಎಷ್ಟು ಮಾತು ಕೇಳತ್ತೆ ಅಂತ ನೋಡಿ ಹೇಳ್ತೀನಿ. ಇಲ್ಲಿ ಬಂದಾಗ ಒಂದೊಂದ್ಸಲ ನಡುಕ ಸರಿಯಾಗಿ ಕಾಣಲ್ಲ. ಮನೇಲಿ ಕೆಲಸ ಮಾಡ್ತಿರೋವಾಗ ಒಂದು ವಿಡಿಯೊ ತೆಗೆದು ತನ್ನಿ. ಮೊಬೈಲಲ್ಲೇ ಸಾಕು."

ಹೊರಗೆ ಬಂದ ಮೇಲೆ ಭಾವ ಉರಿದುಬಿದ್ದರು. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ಇವರಿಗೆ ವಿಡಿಯೊನೇ ಬೇಕಂತೆ. ಅದೂ ಮೊಬೈಲಲ್ಲಂತೆ! ಮೊಬೈಲು ಎಲ್ಲವನ್ನೂ ಚಂದ ಮಾಡಿಬಿಡತ್ತೆ. ಡಾಕ್ಟರಿಗೆ ಚಂದ ಬೇಡ."

ಮಾತ್ರೆ ಶುರುವಾಗಿ ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಶೂಟಿಂಗ್ ಇಟ್ಟರು, ತಮ್ಮದೇ ಅಡುಗೆಮನೆಯಲ್ಲಿ. ಕ್ಯಾಮೆರಾ ಅವರೇ ಹೇಳಿದರು, ಬೀರುವಿನ ಕೆಳಗಿನ ಸಾಲಿನ ಸಾದಾ ಹಳೇದು. ಜಾಗ ಕಿಟಕಿಯ ಹತ್ತಿರ, ಬೆಳಕು ಪಕ್ಕದಿಂದ. ಶಟರ್ ವೇಗ ಏರಿಸು, ಇಲ್ಲದಿದ್ದರೆ ಬೆರಳು ಮಸುಕಾಗುತ್ತವೆ, ನಡುಕ ಎಣಿಸಲು ಬರುವುದಿಲ್ಲ ಎಂದು ನನಗೆ ಪಾಠ ಮಾಡಿದರು. ಎಷ್ಟೋ ದಿನಗಳಾದ ಮೇಲೆ ಸರಿಯಾದ ಆಯ್ಕೆ. ಅದು ಎಂಥ ಕೆಲಸಕ್ಕೆ ನೋಡಿ.

ತೊಡೆಯ ಮೇಲೆ ಕೈ ಇಟ್ಟುಕೊಂಡು ಕೂತರು. ತೆಗೆದೆ. ನೀರಿನ ಲೋಟ ಎತ್ತಿದರು. ತೆಗೆದೆ. ನೀರು ತುಳುಕಿ ಅಂಗಿಯ ಮೇಲೆ ಚೆಲ್ಲಿತು. ಅಕ್ಕ ಬಟ್ಟೆ ಹಿಡಿದು ಮುಂದೆ ಬಂದಳು.

"ಫ್ರೇಮಿಗೆ ಬರ್ಬೇಡ ಮಾರಾಯ್ತಿ" ಎಂದರು ಭಾವ.

ಆಮೇಲೆ ಅಂಗಿಯ ಗುಂಡಿ. ಮೊದಲನೆಯದನ್ನು ಹಿಡಿದರು, ಅದು ಜಾರಿತು. ಮತ್ತೆ ಹಿಡಿದರು. ಗುಂಡಿ ತೂತಿನ ಬಾಯಿಯವರೆಗೆ ಬಂದು ಬಂದು ವಾಪಸು ಹೋಗುತ್ತಿತ್ತು. ಅಕ್ಕ ಒಲೆಯ ಪಕ್ಕ ನಿಂತು ತನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದಳು. ಬಿಟ್ಟರೆ ಎಲ್ಲಿ ಓಡಿಹೋಗಿ ಗುಂಡಿ ಹಾಕಿಬಿಡುತ್ತೇನೋ ಎಂಬ ಹೆದರಿಕೆ ಅವಳಿಗೆ.

"ನಿಲ್ಲಿಸ್ಲಾ ಭಾವ?" ಎಂದೆ.

"ಕಟ್ ಹೇಳೋದು ನಾನು."

ಕ್ಯಾಮೆರಾ ಓಡುತ್ತಲೇ ಇತ್ತು. ಒಂದೊಂದು ಬೆರಳೂ, ಉಗುರಿನ ಗೆರೆಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಏನೂ ಮಾಡಲಾಗದೆ ಬರೀ ನೋಡುವ ಕೆಲಸ ಇದು ಅಂತ ನನಗೆ ಅಂದು ತಿಳಿಯಿತು. ಗುಂಡಿ ಕೊನೆಗೂ ತೂತಿಗೆ ಬೀಳಲಿಲ್ಲ. ಭಾವ ಕೈ ಚೆಲ್ಲಿ, "ಸಾಕು, ಅವರಿಗೆ ಅರ್ಥ ಆಗತ್ತೆ" ಎಂದರು. ಅಕ್ಕ ಬಂದು ಗುಂಡಿಗಳನ್ನೆಲ್ಲ ಹಾಕಿದಳು, ಕಾಲರು ಸರಿಮಾಡಿದಳು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಡಾಕ್ಟರು ಎರಡು ಸಲ ನೋಡಿದರು. ಇಷ್ಟು ಚೆನ್ನಾಗಿ ತೆಗೆದ ವಿಡಿಯೊ ತಮಗೆ ಯಾರೂ ತಂದುಕೊಟ್ಟಿಲ್ಲ ಎಂದು ಹೊಗಳಿದರು. ಮಾತ್ರೆ ಹೆಚ್ಚು ಮಾಡೋಣ, ಇದು ಹೋಗುವುದಲ್ಲ, ನಿಧಾನವಾಗಿ ಏರುವುದು ಎಂದರು. ಹೆಗಲ ಕ್ಯಾಮೆರಾದ ಮಾತು ಬಂದಾಗ ಭಾವನ ತೋಳು ಮುಟ್ಟಿ, "ಬೇಡ" ಎಂದರು.

ಬೇರೆ ಡಾಕ್ಟರನ್ನು ನೋಡೋಣ ಎಂದೆ. ಒಂದು ವ್ಯಾಯಾಮ ಇದೆಯಂತೆ ಎಂದೆ. ಟ್ರೈಪಾಡ್ ಮೇಲೆ ಇಟ್ಟೇ ಎಷ್ಟು ಜನ ಹೊಟ್ಟೆ ಹೊರೆಯುತ್ತಿಲ್ಲ, ನಾವೂ ಹಾಗೇ ಮಾಡೋಣ ಎಂದೆ. ಭಾವ ಎಲ್ಲಕ್ಕೂ "ನೋಡೋಣ" ಎನ್ನುತ್ತಿದ್ದರು. ನನ್ನ ಸಮಾಧಾನಕ್ಕೆ ಅವರು ಹಾಗೆ ಹೇಳುತ್ತಿದ್ದರು. ಅದು ಗೊತ್ತಿದ್ದೂ ನಾನು ಹೇಳುತ್ತಲೇ ಹೋದೆ.

ಮೊನ್ನೆ ಕುರ್ಚಿ ಕಾರ್ಖಾನೆ ನಡೆಸುವ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದರು. ಹಲಗೆ ಒಳಗೆ ಬಂದದ್ದರಿಂದ ಹಿಡಿದು ಕುರ್ಚಿಯಾಗಿ ಲಾರಿ ಹತ್ತುವವರೆಗೆ, ಎಲ್ಲೂ ಕತ್ತರಿಸದೆ, ಒಂದೇ ಉಸಿರಿನಲ್ಲಿ ತೋರಿಸುವ ವಿಡಿಯೊ ಬೇಕಂತೆ.

ಭಾವ ಸ್ಟೂಲು ತೋರಿಸಿದರು. ಯಂತ್ರಗಳ ನಡುವೆ ಜಾಗ ಎಷ್ಟಿದೆ, ಮರದ ಪುಡಿ ಹಾರುತ್ತದೆಯೆ, ಗರಗಸದ ಹತ್ತಿರ ದೀಪ ಎಲ್ಲಿದೆ ಎಂದು ಕೇಳಿದರು. ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಟ್ರೈಪಾಡ್ ಅನ್ನಲಿ. ಮೂಲೆಗೊಂದು ಕ್ಯಾಮೆರಾ ಅಂಟಿಸೋಣ ಅನ್ನಲಿ. ನೆಲ ಸರಿಯಿಲ್ಲ ಅನ್ನಲಿ. ಏನಾದರೂ ಒಂದು ಸುಳ್ಳು ಹೇಳಿ ತಪ್ಪು ಕ್ಯಾಮೆರಾ ಆರಿಸಲಿ, ನಾನು ಪಿಟ್ಟೆನ್ನದೆ ಹೊತ್ತುಕೊಂಡು ಹಿಂದೆ ಹೋಗುತ್ತೇನೆ.

ಭಾವ ಎದ್ದರು. ಬೀರು ತೆಗೆದು ಹೆಗಲ ಕ್ಯಾಮೆರಾದ ಕಡೆ ಬೆರಳು ತೋರಿಸಿದರು.

"ಇದೇ ಸರಿ. ಅಗಲ ಲೆನ್ಸು ಹಾಕು. ಜನರ ಜೊತೆ ನಡೀತಾ ತೆಗೀಬೇಕು, ಇದಕ್ಕೆ ಬೇರೆ ಯಾವುದೂ ಒಪ್ಪಲ್ಲ."

"ಗಿಂಬಲ್ ಇದೆಯಲ್ಲ ಭಾವ... ನೀವೇ..."

"ಬೇಡ ಕಣೋ. ಕೆಲಸ ಕೆಡತ್ತೆ."

ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನೋವೂ ಇರಲಿಲ್ಲ. ಹಿಡಿಯುವವರು ತಾವಲ್ಲ ಎಂದಾದ ಮೇಲೆ ಆಯ್ಕೆ ಅವರಿಗೆ ಮತ್ತೆ ಸುಲಭವಾಗಿತ್ತು. ನಾನು ಕ್ಯಾಮೆರಾ ತೆಗೆದು ಹೆಗಲಿಗೇರಿಸಿದೆ. ಇಷ್ಟು ಭಾರ ಅಂತ ಗೊತ್ತಿರಲಿಲ್ಲ. ಹೆಂಗಸು ಮುಂದೆ ಇಳಿದರು, ನಾನು ಹಿಂದೆ. ಅರ್ಧ ಮೆಟ್ಟಿಲು ಇಳಿದಿದ್ದೆ, ಮೇಲಿನಿಂದ ಭಾವ ಕೂಗಿದರು.

"ಪಟ್ಟಿ ಬಿಗಿ ಮಾಡ್ಕೋ. ನಿನ್ನ ಹೆಗಲು ನನ್ನದಕ್ಕಿಂತ ಇಳಿಜಾರು."